ಹಳೇ ಜೀಪಿಗೆ ಹೊಸ ವೈರಿಂಗ್: ಮೊದಲು ಅರ್ತಿಂಗ್ ನೋಡಿ

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಮಾವಿನ ತೋಪುಗಳ ಕಡೆ ಹಳೇ ಮಹೀಂದ್ರ ಜೀಪುಗಳು ಇನ್ನೂ ದುಡಿಯುತ್ತಿವೆ. ಎಂಜಿನ್ ಗಟ್ಟಿ, ಚಾಸಿಯೂ ಗಟ್ಟಿ, ಕೈಕೊಡುವುದು ವೈರಿಂಗ್. ಶೆಡ್ಡಿನಲ್ಲಿ ನಿಂತಾಗ ಇಲಿ ಕಡಿಯುತ್ತದೆ. ಉಳಿದ ವೈರಿನ ಸಿಪ್ಪೆ ಎಂಜಿನ್ ಶಾಖಕ್ಕೆ ಒಣಗಿ, ಬಗ್ಗಿಸಿದರೆ ಪುಡಿಪುಡಿಯಾಗುತ್ತದೆ. ಆ ಹಂತಕ್ಕೆ ಬಂದ ಮೇಲೆ ಅಲ್ಲಲ್ಲಿ ತೇಪೆ ಹಾಕುವುದು ಬೆಂಕಿಗೆ ದಾರಿ. ಪೂರ್ತಿ ಹಾರ್ನೆಸ್, ಅಂದರೆ ಗಾಡಿಯ ವೈರುಗಳ ಇಡೀ ಕಟ್ಟು, ಬದಲಿಸಿ.

ಕೈ ಹಾಕುವ ಮುಂಚೆ ಗಾಡಿಯ ವೋಲ್ಟೇಜ್ ಖಚಿತಪಡಿಸಿಕೊಳ್ಳಿ. ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್ 6 ವೋಲ್ಟಿನದು, ಮಿಲಿಟರಿ ಹರಾಜಿನಿಂದ ಬಂದ ಗಾಡಿ 24 ವೋಲ್ಟಿನದಾಗಿರಬಹುದು, ಉಳಿದವು ಸಾಮಾನ್ಯವಾಗಿ 12. ಬ್ಯಾಟರಿಯ ಯಾವ ತುದಿ ಚಾಸಿಗೆ ಹೋಗಿದೆ ಅನ್ನುವುದನ್ನೂ ನೋಡಿ. ಅರ್ತಿಂಗ್ ಅಂದರೆ ಇದೇ, ಕರೆಂಟು ಗಾಡಿಯ ಕಬ್ಬಿಣದ ಚೌಕಟ್ಟಾದ ಚಾಸಿಯ ಮೂಲಕ ಬ್ಯಾಟರಿಗೆ ವಾಪಸಾಗುವ ದಾರಿ. ಪಾಸಿಟಿವ್ ಚಾಸಿಗಿದ್ದ ಗಾಡಿಗೆ ಆಲ್ಟರ್ನೇಟರನ್ನು (ಎಂಜಿನ್ ತಿರುಗುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಉಲ್ಟಾ ಕೊಟ್ಟರೆ ಅದರ ಡಯೋಡು ಆ ಕ್ಷಣವೇ ಸುಡುತ್ತದೆ.

ಹಳೇ ಹಾರ್ನೆಸ್ಸನ್ನು ಕತ್ತರಿಸಿ ಎಸೆಯಬೇಡಿ. ಪ್ರತಿ ತುದಿಗೂ ಚೀಟಿ ಕಟ್ಟಿ, ಫೋಟೋ ತೆಗೆದು, ಇಡಿಯಾಗಿ ಬಿಚ್ಚಿ ಪ್ಲೈವುಡ್ ಹಲಗೆಯ ಮೇಲೆ ಹರಡಿ. ಕವಲೊಡೆಯುವ ಕಡೆಯೆಲ್ಲ ಮೊಳೆ ಹೊಡೆದರೆ ಹೊಸದಕ್ಕೆ ಅದೇ ಅಚ್ಚು. ಪ್ರತಿ ತುದಿಗೂ ಅರ್ಧ ಗೇಣು ಹೆಚ್ಚು ಬಿಡಿ. ಹಳೇ ಬಣ್ಣಗಳನ್ನು ಮಾತ್ರ ನಂಬಬೇಡಿ. ನಡುವೆ ಎಷ್ಟು ಕೈ ಬದಲಾಗಿದೆಯೋ ಯಾರು ಬಲ್ಲರು, ಮಲ್ಟಿಮೀಟರ್ ಹಿಡಿದೇ ನೋಡಬೇಕು.

ವೈರಿನ ದಪ್ಪಕ್ಕೆ ಲೆಕ್ಕವಿದೆ. 60 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬು 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತವೆ. ಆ ಕರೆಂಟು 1 ಚದರ ಮಿಮೀ ವೈರಿನಲ್ಲಿ ಡ್ಯಾಶ್‌ಬೋರ್ಡ್ ಸ್ವಿಚ್ಚು, ಕಾಲಡಿಯ ಡಿಪ್ಪರು ಸುತ್ತಿ 5 ಮೀಟರ್ ಬಂದರೆ ದಾರಿಯಲ್ಲೇ ಸುಮಾರು 0.9 ವೋಲ್ಟ್ ಖಾಲಿ. ಹ್ಯಾಲೊಜೆನ್ ಬಲ್ಬಿನ ಬೆಳಕು ಅಷ್ಟಕ್ಕೇ ಹೆಚ್ಚುಕಡಿಮೆ ಕಾಲು ಭಾಗ ಇಳಿಯುತ್ತದೆ. ಮಂಜು ಬಿದ್ದ ಬೆಳಗಿನ ಜಾವ ನಂದಿ ಬೆಟ್ಟದ ತಿರುವಿನಲ್ಲಿ ಆ ಕಾಲು ಭಾಗದ ಬೆಲೆ ಏನೆಂದು ಹೇಳಬೇಕಿಲ್ಲ. ಹೈ ಬೀಮಿಗೊಂದು, ಲೋ ಬೀಮಿಗೊಂದು ರಿಲೇ (ಸಣ್ಣ ಕರೆಂಟು ಕೊಟ್ಟರೆ ದೊಡ್ಡ ಕರೆಂಟು ಹಾಯಿಸುವ ಸ್ವಿಚ್ಚು) ಮುಂದುಗಡೆಯೇ ಕೂರಿಸಿ. ಬ್ಯಾಟರಿಯಿಂದ ರಿಲೇಯ 30ನೇ ನಂಬರಿನ ಪಿನ್ನಿಗೂ, 87ರಿಂದ ಬಲ್ಬಿಗೂ 2.5 ಚದರ ಮಿಮೀ ವೈರು. ಹಳೇ ಸ್ವಿಚ್ಚಿನ ವೈರು 86ಕ್ಕೆ, 85 ಅರ್ತಿಗೆ. ಆಗ ಸ್ವಿಚ್ಚಿನ ಮೇಲೆ ಭಾರ ಬೀಳುವುದಿಲ್ಲ. ಎಡ ಬಲ ದೀಪಗಳಿಗೆ ಬೇರೆ ಬೇರೆ 10 ಆಂಪಿಯರ್ ಫ್ಯೂಸ್ ಕೊಡಿ. ಒಂದು ಹೋದರೂ ಇನ್ನೊಂದು ದೀಪ ದಾರಿ ತೋರಿಸುತ್ತದೆ.

ಡೈನಮೊ (ಹಳೇ ಕಾಲದ ಚಾರ್ಜಿಂಗ್ ಯಂತ್ರ) ತೆಗೆದು ಆಲ್ಟರ್ನೇಟರ್ ಹಾಕಿದ್ದರೆ ಹಳೇ ಆಂಪಿಯರ್ ಮೀಟರಿನ ಬಗ್ಗೆ ಎಚ್ಚರ. ಗಾಡಿಯ ಬಹುಪಾಲು ಕರೆಂಟು ಅದರೊಳಗಿಂದಲೇ ಹಾಯುತ್ತದೆ. 30 ಆಂಪಿಯರಿನ ಮೀಟರಿನಲ್ಲಿ 45 ಹರಿದರೆ ಡ್ಯಾಶ್‌ಬೋರ್ಡಿನ ಹಿಂದೆ ಟರ್ಮಿನಲ್ ಕಾದು ಕಪ್ಪಾಗುತ್ತದೆ. ಅದನ್ನು ತಪ್ಪಿಸಿ ವೋಲ್ಟ್‌ಮೀಟರ್ ಹಾಕುವುದೇ ಮೇಲು.

ಹೊಸ ವೈರಿಂಗ್ ಮಾಡಿದರೂ ದೂರು ನಿಲ್ಲದಿದ್ದರೆ ಕಾರಣ ಬಹುತೇಕ ಅರ್ತಿಂಗೇ. ಜೀಪಿನ ಮೈಗೆ ಹೊಸ ಬಣ್ಣ ಹೊಡೆಸಿದ ಮೇಲಂತೂ ಬೋಲ್ಟಿನ ಅಡಿ ತಗಡು ಕಾಣುವುದೇ ಇಲ್ಲ, ಬರೀ ಬಣ್ಣ. ಇಂಡಿಕೇಟರ್ ಹಾಕಿದರೆ ಹಿಂದಿನ ಪಾರ್ಕಿಂಗ್ ದೀಪವೂ ಮಿಣುಕುವುದು, ಹೆಡ್‌ಲೈಟ್ ಹಾಕಿದರೆ ಡೀಸೆಲ್ ಮುಳ್ಳು ಜರುಗುವುದು, ಎರಡೂ ಇದರ ಗುರುತು: ಚಾಸಿಗೆ ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನ ತಂತಿ ಹಿಡಿದು ವಾಪಸಾಗುತ್ತಿರುತ್ತದೆ. ರೂಪಾಯಿ ನಾಣ್ಯದಗಲ ಜಾಗವನ್ನು ತಗಡು ಬೆಳ್ಳಗೆ ಹೊಳೆಯುವವರೆಗೆ ಎಮೆರಿ ಪೇಪರಿನಿಂದ ಉಜ್ಜಿ. ಲಗ್ಗು (ವೈರಿನ ತುದಿಗೆ ಒತ್ತುವ ಲೋಹದ ಬಳೆ), ಹಲ್ಲಿನ ವಾಷರು, ಬೋಲ್ಟು ಬಿಗಿದು ಮೇಲೆ ಗ್ರೀಸ್ ಸವರಿ. ಹಿಂದಿನ ದೀಪಗಳಿಗೆ ಹಾರ್ನೆಸ್ಸಿನಲ್ಲೇ ಒಂದು ಕಪ್ಪು ಅರ್ತ್ ವೈರು ಎಳೆದುಬಿಡಿ.

ಎಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ಪಟ್ಟಿಯನ್ನು ಮರೆಯುವವರು ಬಹಳ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಪಟ್ಟಿ ಇಲ್ಲದಿದ್ದರೆ ಸೆಲ್ಫ್ ಹೊಡೆದಾಗ ನೂರಾರು ಆಂಪಿಯರ್ ಕರೆಂಟು ಚೋಕ್ ಕೇಬಲ್ಲೋ ಆಕ್ಸಿಲರೇಟರ್ ಕೇಬಲ್ಲೋ ಹಿಡಿದು ಬರುತ್ತದೆ, ಕೇಬಲ್ಲು ಕೆಂಪಗೆ ಕಾಯುತ್ತದೆ.

ಜೋಡಣೆಗೆ ಕ್ರಿಂಪಿಂಗ್ ಇಕ್ಕಳವೇ ಬೇಕು. ಕಟಿಂಗ್ ಪ್ಲೇಯರಿನಲ್ಲಿ ಚಪ್ಪಟೆ ಮಾಡಿದ ಲಗ್ಗು ಮಣ್ಣುರಸ್ತೆಯ ಕುಲುಕಾಟಕ್ಕೆ ಸಡಿಲಾಗುತ್ತದೆ. ಒತ್ತಿದ ಮೇಲೆ ಬಲವಾಗಿ ಎಳೆದು ನೋಡಿ, ಬಂದರೆ ಅದು ಜಾಯಿಂಟೇ ಅಲ್ಲ. ತಗಡಿನ ತೂತು ದಾಟುವ ಕಡೆ ರಬ್ಬರ್ ಬುಷ್ ಇಲ್ಲದೆ ವೈರು ತೂರಿಸಬೇಡಿ. ಸೈಲೆನ್ಸರಿನಿಂದ ಒಂದು ಗೇಣು ದೂರವಿಟ್ಟು, ಅಡಿಗೊಂದು ಕ್ಲಿಪ್ ಹಾಕಿ. ಮಾಮೂಲಿ ಪಿವಿಸಿ ಟೇಪು ಬಿಸಿಗೆ ಅಂಟು ಬಿಟ್ಟು ಧೂಳು ಹಿಡಿಯುತ್ತದೆ, ಬಟ್ಟೆ ಟೇಪು ಸುತ್ತಿ.

ಕೊನೆಗೆ ಬ್ಯಾಟರಿಯನ್ನು ನೇರವಾಗಿ ಕೊಡದೆ, ಚಾಸಿಗೆ ಹೋಗುವ ಕೇಬಲ್ಲು ಬಿಚ್ಚಿ, ಅದರ ಮತ್ತು ಬ್ಯಾಟರಿಯ ನಡುವೆ 21 ವ್ಯಾಟಿನ ಇಂಡಿಕೇಟರ್ ಬಲ್ಬು ಕೊಡಿ. ಎಲ್ಲ ಸ್ವಿಚ್ಚು ಆಫ್ ಇರುವಾಗ ಬಲ್ಬು ಪೂರ್ತಿ ಉರಿದರೆ ಎಲ್ಲೋ ಶಾರ್ಟ್ ಇದೆ. ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಹೋಗಿ, ಯಾವುದನ್ನು ಕಿತ್ತಾಗ ಬಲ್ಬು ಆರುತ್ತದೋ ತಪ್ಪು ಆ ಲೈನಿನಲ್ಲಿದೆ. ಯಾವುದನ್ನು ಕಿತ್ತರೂ ಆರದಿದ್ದರೆ ಫ್ಯೂಸಿಗಿಂತ ಮುಂಚಿನ ವೈರು, ಸೆಲ್ಫ್ ಮತ್ತು ಆಲ್ಟರ್ನೇಟರಿನ ಕಡೆ ಹುಡುಕಿ. ಬಲ್ಬು ಉರಿಯದಿದ್ದರೆ ಮಾತ್ರ ಕೇಬಲ್ಲು ಬಿಗಿದು ಎಂಜಿನ್ ಸ್ಟಾರ್ಟ್ ಮಾಡಿ, ಬ್ಯಾಟರಿ ತುದಿಗಳಲ್ಲಿ ಮೀಟರ್ ಹಿಡಿಯಿರಿ. 12 ವೋಲ್ಟಿನ ಗಾಡಿ ಆಲ್ಟರ್ನೇಟರಿನಲ್ಲಿ 13.8ರಿಂದ 14.4 ತೋರಿಸಬೇಕು.