ನೀರೊಳಗೆ ದಮ್ಮು ಕಟ್ಟಬೇಡಿ

ಅಥಣಿ, ಜಮಖಂಡಿ, ಇಂಡಿ ಕಡೆಯವರು ಈಸು ಕಲಿಯುವುದು ಬಹುತೇಕ ಬಾವಿಯಲ್ಲೇ. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಶುರು, ಆಮೇಲೆ ದಂಡೆಯಿಂದ ಜಿಗಿತ, ಕೊನೆಗೆ ದಮ್ಮು ಕಟ್ಟಿ ತಳ ಮುಟ್ಟಿ ಒಂದು ಹಿಡಿ ಕೆಸರು ತಂದು ತೋರಿಸಿದರೆ ಗಟ್ಟಿ ಆಳು. ಈಗ ಅದೇ ಹುಡುಗರು ಚೋರ್ಲಾ ಘಾಟ್ ಇಳಿದು ಗೋವಾಕ್ಕೋ, ಮುರ್ಡೇಶ್ವರದಿಂದ ಬೋಟ್ ಹತ್ತಿ ನೇತ್ರಾಣಿ ದ್ವೀಪಕ್ಕೋ ಸ್ಕೂಬಾ ಮಾಡಲು, ಅಂದರೆ ಗಾಳಿ ತುಂಬಿದ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ನೀರೊಳಗೆ ಇಳಿಯಲು ಹೋಗುತ್ತಾರೆ. ನೀರಿನ ಹೆದರಿಕೆ ಇಲ್ಲ, ಒಳ್ಳೆಯದೇ. ಆದರೆ ದಮ್ಮು ಕಟ್ಟುವ ಚಟ ಮಾತ್ರ ಅಲ್ಲಿ ಉಲ್ಟಾ ಹೊಡೆಯುತ್ತದೆ.

ಬಾವಿಗೆ ಜಿಗಿಯುವಾಗ ಎದೆಯಲ್ಲಿರುವುದು ದಂಡೆಯ ಮೇಲಿನ ಗಾಳಿ. ಕೆಳಗೆ ಹೋದಂತೆ ಕುಗ್ಗುತ್ತದೆ, ಮೇಲೆ ಬಂದರೆ ಮೊದಲಿನಷ್ಟೇ ಆಗುತ್ತದೆ. ಸ್ಕೂಬಾದಲ್ಲಿ ಹಾಗಲ್ಲ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾತಾವರಣದಷ್ಟು, ಅಂದರೆ ದಂಡೆಯ ಮೇಲಿನ ಗಾಳಿಯದಷ್ಟೇ ಒತ್ತಡ ಸೇರುತ್ತದೆ, ಬಾಯಲ್ಲಿರುವ ರೆಗ್ಯುಲೇಟರ್ ಆಯಾ ಆಳದ ಒತ್ತಡದಲ್ಲೇ ಗಾಳಿ ಕೊಡುತ್ತದೆ. 10 ಮೀಟರ್ ಕೆಳಗೆ ಎಳೆದ 5 ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ 10 ಲೀಟರ್ ಆಗಬೇಕು. ಬಾಯಿ ಮುಚ್ಚಿಕೊಂಡಿದ್ದರೆ ಅದು ಹೋಗುವುದೆಲ್ಲಿ? ಶ್ವಾಸಕೋಶ ಹರಿಯಬಹುದು, ಗುಳ್ಳೆಗಳು ರಕ್ತಕ್ಕೆ ಸೇರಿ ಮಿದುಳು ತಲುಪಬಹುದು. ಇದಕ್ಕೆ 10 ಮೀಟರ್ ಆಳವೂ ಬೇಕಿಲ್ಲ, 2 ಮೀಟರ್ ಸಾಕು.

ಹಾಗಾಗಿ ಕಣ್ಣು, ಮೂಗು ಮುಚ್ಚುವ ಗಾಜಿನ ಮಾಸ್ಕ್‌ಗೆ ನೀರು ನುಗ್ಗಿದರೆ ಅದು ದೊಡ್ಡ ವಿಷಯವೇ ಅಲ್ಲ, ಗಾಬರಿಯಾಗಿ ದಮ್ಮು ಕಟ್ಟಿ ಮೇಲಕ್ಕೆ ಓಡುವುದು ದೊಡ್ಡ ವಿಷಯ. ಗಿರಿಜಾ ಮೀಸೆಯವರಿಗಂತೂ ಮಾಸ್ಕ್ ಸೋರುವುದು ಗ್ಯಾರಂಟಿ, ಕೂದಲ ಸಂದಿಯಿಂದ ನೀರು ಒಳಗೆ ಬರುತ್ತಲೇ ಇರುತ್ತದೆ. ಮಾಸ್ಕ್‌ನ ಮೇಲಿನ ಅಂಚನ್ನು ಹಣೆಗೆ ಒತ್ತಿ, ಮೂಗಿನಿಂದ ನಿಧಾನಕ್ಕೆ ಗಾಳಿ ಬಿಡುತ್ತಾ ಮುಖ ಮೇಲೆತ್ತಿ. ಗಾಳಿ ಹಗುರ, ಮೇಲೆ ಕೂರುತ್ತದೆ, ನೀರನ್ನು ಕೆಳ ಅಂಚಿನಿಂದ ಹೊರಗೆ ತಳ್ಳುತ್ತದೆ. ಒಂದೇ ಉಸಿರಿಗೆ ಆಗದಿದ್ದರೆ ಬಾಯಿಂದ ಗಾಳಿ ಎಳೆದುಕೊಂಡು ಇನ್ನೊಮ್ಮೆ, ಅಷ್ಟೇ. ಮೂಗಿನಿಂದ ಮಾತ್ರ ಎಳೆಯಬೇಡಿ, ಉಪ್ಪುನೀರು ನೆತ್ತಿಗೇರುತ್ತದೆ.

ಗಾಜು ಮಂಜಾದರೆ? ಬಿಸಿ ಚಹಾದ ಮುಂದೆ ಕನ್ನಡಕಕ್ಕೆ ಆಗುವುದೇ ಇದು. ಇಳಿಯುವ ಮೊದಲೇ ಒಳಗೆ ಉಗುಳು ಸವರಿ ತೊಳೆಯುತ್ತಾರೆ, ಆಗ ನೀರು ಹನಿಯಾಗದೆ ತೆಳ್ಳಗೆ ಹರಡುತ್ತದೆ. ಹೇಸಬೇಡಿ, ಎಲ್ಲರೂ ಮಾಡುತ್ತಾರೆ.

ರೆಗ್ಯುಲೇಟರ್ ಬಾಯಿಂದ ಜಾರಿದರೂ ದಮ್ಮು ಕಟ್ಟಬಾರದು. ತುಟಿ ಸಂದಿಯಿಂದ ಸಣ್ಣ ಗುಳ್ಳೆ ಬಿಡುತ್ತಲೇ ಬಲಗೈಯನ್ನು ತೊಡೆಯ ಪಕ್ಕದಿಂದ ಹಿಂದಕ್ಕೆ ಸುತ್ತಿಸಿ ತಂದರೆ ರೆಗ್ಯುಲೇಟರ್‌ನ ಪೈಪ್ ಕೈಗೆ ಸಿಗುತ್ತದೆ. ಬಾಯಿಗಿಟ್ಟು ಮೊದಲು ಊದಿ, ಒಳಗಿನ ನೀರು ಹೊರಗೆ ಹೋಗಲಿ, ಆಮೇಲೆ ಎಳೆಯಿರಿ.

ಕೆಲವೊಮ್ಮೆ ರೆಗ್ಯುಲೇಟರ್ ನಿಲ್ಲದೆ ಗಾಳಿ ಉಗುಳತೊಡಗುತ್ತದೆ. ಸದ್ದಿಗೆ ಎದೆ ಧಸಕ್ಕೆನ್ನುತ್ತದೆ, ಆದರೆ ಅದನ್ನು ಮಾಡಿರುವುದೇ ಹಾಗೆ: ಕೆಟ್ಟರೆ ಸಾಮಾನ್ಯವಾಗಿ ಗಾಳಿ ಜಾಸ್ತಿ ಬರುತ್ತದೆ, ನಿಂತುಹೋಗುವುದಿಲ್ಲ. ಮೌತ್‌ಪೀಸ್ ಪೂರ್ತಿ ಕಚ್ಚದೆ, ಒಂದು ಬದಿ ಸಡಿಲ ಬಿಟ್ಟು, ಬೇಕಾದಷ್ಟನ್ನೇ ಹೀರುತ್ತಾ ಜೊತೆಗಾರನೊಂದಿಗೆ ನಿಧಾನಕ್ಕೆ ಮೇಲೆ ಬರಬಹುದು. ನಿಧಾನ ಅಂದರೆ ಕಾಲಹರಣ ಅಲ್ಲ, ಸಿಲಿಂಡರ್ ಬೇಗ ಖಾಲಿಯಾಗುತ್ತಿರುತ್ತದೆ.

ಮೊದಲ ಸಲ ಹೋಗುವವರನ್ನು ಇನ್‌ಸ್ಟ್ರಕ್ಟರ್ ಹಿಡಿದುಕೊಂಡೇ ಇರುತ್ತಾರೆ. ಏನೋ ಸರಿಯಿಲ್ಲ ಅನಿಸಿದರೆ ಅಂಗೈ ಚಪ್ಪಟೆ ಮಾಡಿ ಆಚೀಚೆ ಓಲಾಡಿಸಿ, ತೊಂದರೆ ಇರುವ ಜಾಗ ತೋರಿಸಿ. ಎಲ್ಲಾ ಸರಿ ಇದ್ದರೆ ಹೆಬ್ಬೆರಳು, ತೋರುಬೆರಳು ಸೇರಿಸಿ ದುಂಡಗೆ ಮಾಡಿ. ಹೆಬ್ಬೆರಳು ಎತ್ತಿದರೆ ಅಲ್ಲಿ ‘ಮೇಲೆ ಹೋಗೋಣ’ ಅಂತ ಅರ್ಥ. ಮೀನು ನೋಡಿದ ಖುಷಿಗೆ ಸುಮ್ನೆ ಎತ್ತಿದಿರೋ, ಕೊಟ್ಟ ದುಡ್ಡು ಅರ್ಧಕ್ಕೇ ಮುಗಿಯಿತು.