ಮೈಯಾಗ ಇದ್ದೂ ಇಲ್ಲದಂಗ

ಕಲಬುರಗಿ ಸೀಮೆಯಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಬೇರೆಯವರ ದನಿಯಲ್ಲಿ ಮಾತಾಡಿದರೆ ಅದಕ್ಕೊಂದು ಹೆಸರಿದೆ: ‘ಮೈಯಾಗ ಬಂದದ’. ಗಾಳಿ ಸೋಕಿದ್ದಕ್ಕೆ, ಕಣ್ಣು ತಾಗಿದ್ದಕ್ಕೆ, ದೆವ್ವ ಬಡಿದದ್ದಕ್ಕೆ ಹೆಸರುಗಳಿವೆ. ಹೋಗಬೇಕಾದ ಜಾಗಗಳೂ ಇವೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ, ದತ್ತನ ಆರತಿಯ ಹೊತ್ತಿಗೆ, ಇಂಥವರನ್ನು ಕರೆತರುವ ಮನೆಮಂದಿಯನ್ನು ನೋಡದವರು ಈ ಭಾಗದಲ್ಲಿ ಕಡಿಮೆ. ಆದರೆ ಮೈಯೊಳಗೆ ಇನ್ನೊಬ್ಬರು ಬರದೆ, ತಾನೇ ಮೈಬಿಟ್ಟು ಎದ್ದುಹೋದಂತಾದರೆ? ಅದಕ್ಕೆ ನಮ್ಮಲ್ಲಿ ಹೆಸರಿಲ್ಲ.

ಕಲಬುರಗಿಯ ಬಾಡಿಗೆ ಕೋಣೆಯಲ್ಲಿ ನನ್ನ ಜೊತೆಗಿದ್ದ ಯಾದಗಿರಿ ಕಡೆಯ ಗೆಳೆಯನಿಗೆ ಆದದ್ದು ಇದು. ನೌಕರಿ ಪರೀಕ್ಷೆಯ ಓದು, ಮೂರು ತಾಸಿನ ನಿದ್ದೆ, ಮೇ ತಿಂಗಳ ಬಿಸಿಲು. ಒಂದು ಮುಂಜಾನೆ ಅವನು ಅಂದ: “ನಾ ಮಾತಾಡ್ಲತ್ತೀನಿ, ಖರೆ, ಆದ್ರ ಮಾತಾಡೋರು ಬ್ಯಾರೆ ಯಾರೋ ಅದಾರ ಅನಸ್ತದ. ಈ ಕೈ ನಂದೇ, ಆದ್ರೂ ನಂದಲ್ಲದಂಗ.” ವಾರ ಕಳೆದು ಊರಿಂದ ಅವ್ವ ಬುತ್ತಿ ಕಟ್ಟಿಕೊಂಡು ಬಂದಳು. ಅವ್ವನೇ ಎಂದು ಗೊತ್ತು, ಅಕ್ಕರೆ ಮಾತ್ರ ಹುಟ್ಟಲಿಲ್ಲ. ಅವನನ್ನು ಎಲ್ಲಕ್ಕಿಂತ ಹೆದರಿಸಿದ್ದು ಅದೇ.

ವೈದ್ಯಶಾಸ್ತ್ರ ಇದನ್ನು ಡಿಪರ್ಸನಲೈಸೇಶನ್ ಎನ್ನುತ್ತದೆ. ತನ್ನ ಬದಲು ಸುತ್ತಲ ಲೋಕವೇ ಗಾಜಿನಾಚೆ ಇದ್ದಂತೆ, ಕನಸಿನಂತೆ ತೋರಿದರೆ ಅದು ಡಿರಿಯಲೈಸೇಶನ್. ಎರಡೂ ಸಾಮಾನ್ಯವಾಗಿ ಜೊತೆಜೊತೆಗೇ ಬರುತ್ತವೆ. ಅಪಘಾತವಾದಾಗ, ಸಾವಿನ ಸುದ್ದಿ ಕೇಳಿದಾಗ, ನಿದ್ದೆಗೆಟ್ಟಾಗ, ಗಾಂಜಾ ಸೇದಿದಾಗ ಯಾರಿಗಾದರೂ ಕ್ಷಣಕಾಲ ಹೀಗೆ ಆಗಬಹುದು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಡದೆ ಕಾಡಿದಾಗ ಅದು ಕಾಯಿಲೆ. ವಿದೇಶಗಳಲ್ಲಿ ನಡೆದ ಸಮೀಕ್ಷೆಗಳ ಪ್ರಕಾರ ನೂರರಲ್ಲಿ ಸುಮಾರು ಒಬ್ಬರಿಗೆ ಇದು ಇರುತ್ತದೆ. ಹೆಚ್ಚಿನವರಲ್ಲಿ ಶುರುವಾಗುವುದು ಹದಿಹರೆಯದಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ.

ಇದು ಮೊಬೈಲ್ ಕಾಲದ ಹೊಸ ರೋಗವೇನಲ್ಲ. ಪ್ಯಾರಿಸ್‌ನಲ್ಲಿದ್ದ ಮೊರೀಸ್ ಕ್ರಿಶಾಬರ್ ಎಂಬ ವೈದ್ಯ 1873ರಲ್ಲೇ 38 ರೋಗಿಗಳ ವಿವರ ಬರೆದಿಟ್ಟಿದ್ದ. ಎಲ್ಲ ಕನಸಿನಂತೆ ಕಾಣುತ್ತದೆ, ನಾನು ನಾನಲ್ಲ ಅನ್ನಿಸುತ್ತದೆ ಎಂಬಂಥ ದೂರುಗಳು ಅದರಲ್ಲಿದ್ದವು. ಆದರೆ ಹೆಸರು ಸಿಕ್ಕಿದ್ದು ವೈದ್ಯರಿಂದಲ್ಲ. ಜಿನೀವಾದ ತತ್ತ್ವಶಾಸ್ತ್ರದ ಮೇಷ್ಟ್ರು ಆನ್ರಿ ಫ್ರೆಡೆರಿಕ್ ಆಮಿಯೆಲ್ 1880ರ ಜುಲೈನಲ್ಲಿ ತನ್ನ ದಿನಚರಿಯಲ್ಲಿ, ಗೋರಿಯಾಚೆಯಿಂದ ಬದುಕನ್ನು ನೋಡುತ್ತಿರುವಂತಿದೆ, ದೇಹದ ಹೊರಗೆ ನಿಂತಂತಿದೆ ಎಂದು ಬರೆದು ಈ ಪದವನ್ನು ಬಳಸಿದ. 1898ರಲ್ಲಿ ಲುಡೊವಿಕ್ ದುಗಾ ಎಂಬ ಫ್ರೆಂಚ್ ಚಿಂತಕ ಅದನ್ನು ವೈದ್ಯಕೀಯಕ್ಕೆ ತಂದ. ನೊಂದವನೇ ತನ್ನ ನೋವಿಗೆ ಇಟ್ಟ ಹೆಸರು ಇದು. ನನಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. 1935ರಲ್ಲಿ, ಜರ್ಮನಿ ತೊರೆದು ಇಂಗ್ಲೆಂಡ್ ಸೇರಿದ್ದ ಮನೋವೈದ್ಯ ಮೇಯರ್ ಗ್ರಾಸ್, ಆಘಾತಕ್ಕೆ ಪ್ರತಿಯಾಗಿ ಮಿದುಳಿನಲ್ಲಿ ಮೊದಲೇ ಸಿದ್ಧವಿರುವ ಉತ್ತರ ಇದು ಎಂದು ವಾದಿಸಿದ.

ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲಿ ಇದಕ್ಕೆ ವಿಚ್ಛೇದಕ ಕಾಯಿಲೆಗಳ, ಅಂದರೆ ನೆನಪು, ಅರಿವು, ‘ನಾನು’ ಎಂಬ ಭಾವ ಒಂದರಿಂದೊಂದು ಕಳಚಿಕೊಳ್ಳುವ ಕಾಯಿಲೆಗಳ, ಸಾಲಿನಲ್ಲಿ ಜಾಗ ಕೊಟ್ಟಿತು. ನಮ್ಮ ವೈದ್ಯರು ಬಳಸುತ್ತ ಬಂದ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-10ರಲ್ಲಿ ಮಾತ್ರ ಇದು ‘ಇತರೆ’ ಎಂಬ ಗೂಡಿನಲ್ಲಿ ಕೂತಿತ್ತು: ಎಫ್48.1. ಅದೇ ಗೂಡಿನ ಎಫ್48.8ರಲ್ಲಿ ಧಾತು ದೌರ್ಬಲ್ಯವಿದೆ. ಅದರ ಜಾಹೀರಾತನ್ನು ನಮ್ಮ ಊರುಗಳ ಗೋಡೆಗಳ ಮೇಲೆ ಮಕ್ಕಳೂ ಓದಿರುತ್ತಾರೆ. ಪಕ್ಕದಲ್ಲೇ ಕೂತ ಇದರ ಹೆಸರು ಕೇಳಿದವರಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಬಳಸಿದ ಪ್ರಶ್ನಾವಳಿಯಲ್ಲೂ ಇದಕ್ಕೊಂದು ಅಧ್ಯಾಯವಿರಲಿಲ್ಲ. ಕೇಳದ ಪ್ರಶ್ನೆಗೆ ಲೆಕ್ಕ ಎಲ್ಲಿಂದ ಬರಬೇಕು?

ಲಂಡನ್ನಿನಲ್ಲಿ ಇದಕ್ಕೆಂದೇ ಸಂಶೋಧನಾ ಘಟಕ ಶುರುವಾದದ್ದು 1998ರಲ್ಲಿ. ಅದೇ ವರ್ಷ ಸಿಯೆರಾ ಮತ್ತು ಬೆರಿಯೋಸ್ ಎಂಬ ಮನೋವೈದ್ಯರು ಒಂದು ವಿವರಣೆ ಮುಂದಿಟ್ಟರು. ಅತಿಯಾದ ಆತಂಕವನ್ನು ತಡೆಯಲು ಮಿದುಳಿನ ಮುಂಭಾಗವು ಭಾವನೆಗಳ ಕೇಂದ್ರಗಳನ್ನು ಅದುಮಿ ಹಿಡಿಯುತ್ತದೆ. ಅಪಾಯ ದಾಟಿದ ಮೇಲೂ ಹಿಡಿತ ಸಡಿಲವಾಗುವುದಿಲ್ಲ. ಹೊಲ ತುಂಬಿ ಹರಿಯಬಾರದೆಂದು ಮುಚ್ಚಿದ ತೂಬು ಹಾಗೇ ಉಳಿದುಬಿಟ್ಟಂತೆ. 2001ರಲ್ಲಿ ಇಂಥವರಿಗೆ ಹೇಸಿಗೆ ಹುಟ್ಟಿಸುವ ಚಿತ್ರ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದಾಗ ಭಾವನೆಯ ಭಾಗ ಮಂಕಾಗಿತ್ತು, ತಡೆಯುವ ಭಾಗ ಚುರುಕಾಗಿತ್ತು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಬಸವಕಲ್ಯಾಣದ ಶರಣರ ನೆಲ ಇದು, ಬಂದೇನವಾಜರ ಊರು ಇದು. ‘ನಾನು’ ಅಳಿಯುವುದನ್ನು ಇಲ್ಲಿ ಅನುಭಾವ ಎನ್ನುತ್ತೇವೆ, ಸೂಫಿಗಳ ಮಾತಿನಲ್ಲಿ ಫನಾ ಎನ್ನುತ್ತೇವೆ. ಹಿರಿಯರೊಬ್ಬರು ನನ್ನ ಗೆಳೆಯನಿಗೆ “ದೊಡ್ಡ ಹಾದಿ ಹಿಡದೀ ತಮ್ಮಾ” ಎಂದರು. ಪ್ರೀತಿಯಿಂದಲೇ ಅಂದದ್ದು. ಆದರೆ ಅವನು ಅಳಿಸಿಕೊಂಡವನಲ್ಲ, ಕಳೆದುಕೊಂಡವನು.

ಆಸ್ಪತ್ರೆಯಲ್ಲಿ ಅವನ ಪಾಡು ಎರಡು ಅಕ್ಷರದ ಮೇಲೆ ನಿಂತಿತ್ತು. ‘ಸತ್ತೀನಿ’ ಅನ್ನುವುದು ಭ್ರಮೆ. ‘ಸತ್ತಂಗ ಅನಸ್ತದ’ ಅನ್ನುವುದು ಡಿಪರ್ಸನಲೈಸೇಶನ್. ಕೈ ತನ್ನದೇ ಎಂಬುದು ರೋಗಿಗೆ ಪೂರ್ತಿ ಗೊತ್ತಿರುತ್ತದೆ, ಅರಿವು ಕೆಟ್ಟಿರುವುದಿಲ್ಲ. ‘ಸತ್ತಂಗ’ದೊಳಗಿನ ಆ ‘ಅಂಗ’ವನ್ನು ಕಿವಿಗೊಟ್ಟು ಕೇಳಬೇಕು. ಗಿಜಿಗುಡುವ ಹೊರರೋಗಿ ವಿಭಾಗದಲ್ಲಿ ಅದು ಕೇಳಿಸಲಿಲ್ಲ. ಒಬ್ಬರು ರಕ್ತ ಕಮ್ಮಿ ಎಂದು ಟಾನಿಕ್ ಬರೆದರು. ಇನ್ನೊಬ್ಬರು ಹುಚ್ಚಿನ ಗುಳಿಗೆ ಕೊಟ್ಟರು, ಅದರಿಂದ ಅವನು ಇನ್ನಷ್ಟು ಮಂಕಾದ. ನಡುವೆ ಗಾಣಗಾಪುರವೂ ಆಯಿತು. ಅವನೂ ಹೇಳುವುದನ್ನು ನಿಲ್ಲಿಸಿದ. ಹೇಳಿದರೆ ಹುಚ್ಚ ಅಂತಾರೆ ಎಂಬ ಭಯ ಈ ಕಾಯಿಲೆಯ ಬಹುತೇಕ ಎಲ್ಲರಿಗೂ ಇರುತ್ತದೆ. ಎಷ್ಟೋ ಮಂದಿಗೆ ಸರಿಯಾದ ಹೆಸರು ಸಿಗಲು ವರ್ಷಗಳೇ ಹಿಡಿಯುತ್ತವೆ.

ಇದಕ್ಕೆಂದೇ ಮಂಜೂರಾದ ಔಷಧ ಇಂದಿಗೂ ಇಲ್ಲ. ಲ್ಯಾಮೊಟ್ರಿಜಿನ್ ಕೆಲವರಿಗೆ ಹಿಡಿದಿದೆ, ಕೆಲವರಿಗೆ ಇಲ್ಲ. ಮೂರ್ಛೆರೋಗ, ಮೈಗ್ರೇನ್ ಮೂಲ ಅಲ್ಲವೆಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಜೊತೆಗಿರುವ ಆತಂಕ, ಖಿನ್ನತೆಗೆ ಚಿಕಿತ್ಸೆ ಕೊಡಬೇಕು. ಹೆಚ್ಚು ಭರವಸೆ ಇರುವುದು ಮಾತಿನ ಚಿಕಿತ್ಸೆಯಲ್ಲಿ: ತನ್ನನ್ನೇ ಹಗಲುರಾತ್ರಿ ತಪಾಸಣೆ ಮಾಡಿಕೊಳ್ಳುವ ಚಾಳಿಯನ್ನು ಬಿಡಿಸಿ, ಗಮನವನ್ನು ಮತ್ತೆ ಹೊರಗಿನ ದನಿ, ವಾಸನೆ, ಸ್ಪರ್ಶಕ್ಕೆ ತರುವುದು. ಈಗ 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆ ಸೇವೆ ಶುರುವಾದದ್ದು 2022ರ ಅಕ್ಟೋಬರ್‌ನಲ್ಲಿ. ನನ್ನ ಗೆಳೆಯನ ಕಾಲಕ್ಕೆ ಅದಿರಲಿಲ್ಲ.

ಅವನಿಗೆ ಸಿಕ್ಕಿದ್ದು ಕೊನೆಗೊಬ್ಬ ಯುವ ವೈದ್ಯೆ. ಚೀಟಿ ಬರೆಯುವ ಮೊದಲು ಪೆನ್ನು ಕೆಳಗಿಟ್ಟು ಕೇಳಿದರು: “ಕನ್ನಡಿ ನೋಡಿದಾಗ ಯಾರೋ ಬ್ಯಾರೆಯವ್ರನ್ನ ನೋಡ್ದಂಗ ಆಗ್ತದೇನು? ನಿನ್ನ ದನಿ ದೂರದಿಂದ ಬಂದಂಗ?” ಅವನು ಅಂಗೈಯನ್ನು ಒಮ್ಮೆ ಮಗುಚಿ ನೋಡಿಕೊಂಡ. ಆಮೇಲೆ ಅವರ ಮುಖ ನೋಡಿದ.

“ಇದು ನಾ ನಿಮಗ ಇನ್ನೂ ಹೇಳೇ ಇಲ್ಲಲ್ರೀ,” ಎಂದ. “ನಿಮಗ ಹ್ಯಾಂಗ ಗೊತ್ತಾತು?”