ಗಣಿ ಷೇರು ಪಿಇ 5ಕ್ಕೆ ಸಿಕ್ಕರೆ ಅಗ್ಗವೇ?

ಪ್ರಶ್ನೆ: ಎನ್‌ಎಂಡಿಸಿಯಂಥ ಗಣಿ ಕಂಪನಿಯ ಪಿಇ (ಷೇರಿನ ಬೆಲೆ ಅದರ ಒಂದು ವರ್ಷದ ಗಳಿಕೆಯ ಎಷ್ಟು ಪಟ್ಟು ಅನ್ನುವ ಲೆಕ್ಕ) ಆಗಾಗ 5ಕ್ಕೆ ಇಳಿದಿರುತ್ತದೆ. ಅಗ್ಗ ಅಂತ ಕೊಂಡರೆ ಷೇರು ಬೀಳುತ್ತದೆ, ಪಿಇ ಮಾತ್ರ ಏರುತ್ತದೆ. ಹತ್ತು ವರ್ಷದ ಲಾಭಕ್ಕೆ ಹಣದುಬ್ಬರ ಸೇರಿಸಿ ಸರಾಸರಿ ತೆಗೆದು ನೋಡಬೇಕು ಅನ್ನುತ್ತಾರೆ. ಗಣಿ ಷೇರಿಗೆ ಆ ಲೆಕ್ಕ ನಡೆಯುತ್ತದೆಯೇ? ಮನೆಯಲ್ಲಿ ಕೂತು ಮಾಡಬಹುದೇ?

ಉತ್ತರ: ಮಾಡಬಹುದು, ಒಂದು ಕಾಗದ, ಒಂದು ಕ್ಯಾಲ್ಕುಲೇಟರ್ ಸಾಕು. ನಡೆಯುತ್ತದೆಯೇ ಅಂದರೆ, ಅರ್ಧ ದಾರಿಯವರೆಗೆ ಚೆನ್ನಾಗಿ ನಡೆಯುತ್ತದೆ. ಆಮೇಲೆ ಗಣಿಯ ಆಯಸ್ಸು ಎಷ್ಟು ಅನ್ನುವ ಪ್ರಶ್ನೆ ಅಡ್ಡ ಬರುತ್ತದೆ, ಅದಕ್ಕೆ ಸರಾಸರಿಯಲ್ಲಿ ಉತ್ತರ ಇಲ್ಲ.

ಮೊದಲು ಅಡಿಕೆ ತೋಟದ ಮಾತು ಆಡೋಣ. ಮಲೆನಾಡಿನಲ್ಲಿ ತೋಟ ಕೊಳ್ಳಲು ಹೋದವರು ‘ಹೋದ ವರ್ಷ ಇಷ್ಟು ಬಂತು’ ಅನ್ನುವ ಮಾತನ್ನು ನಂಬಿ ಬೆಲೆ ಕಟ್ಟುವುದಿಲ್ಲ. ಹೋದ ವರ್ಷ ರಾಶಿ ಅಡಿಕೆಯ ದರ ಮುಗಿಲು ಮುಟ್ಟಿರಬಹುದು, ಅದಕ್ಕೂ ಹಿಂದಿನ ವರ್ಷ ಕೊಳೆ ರೋಗ ಬಂದು ಅರ್ಧ ಫಸಲೇ ಉದುರಿರಬಹುದು. ಸಾಧಾರಣ ವರ್ಷಕ್ಕೆ ಎಷ್ಟು ಕೈಗೆ ಬರುತ್ತದೆ ಎಂದು ವಿಚಾರಿಸುತ್ತಾರೆ. ಗಣಿ ಷೇರಿಗೂ ಕೇಳಬೇಕಾದ್ದು ಅದನ್ನೇ. ಪಿಇ ಅನ್ನುವುದು ಹೋದ ವರ್ಷದ ಲೆಕ್ಕ ಅಷ್ಟೇ. ಅದಿರಿನ ಬೆಲೆ ನೆತ್ತಿಗೇರಿದಾಗ ಲಾಭ ಉಬ್ಬಿ ಪಿಇ ಕುಗ್ಗುತ್ತದೆ. ಬೆಲೆ ನೆಲ ಕಚ್ಚಿದಾಗ ಲಾಭ ಕರಗಿ ಪಿಇ ಉಬ್ಬುತ್ತದೆ. ಅಂದರೆ ಕೊಳ್ಳಬಾರದ ಹೊತ್ತಿನಲ್ಲಿ ಅದು ‘ಅಗ್ಗ’ ಎನ್ನುತ್ತದೆ, ಕೊಳ್ಳಬಹುದಾದ ಹೊತ್ತಿನಲ್ಲಿ ‘ದುಬಾರಿ’ ಎನ್ನುತ್ತದೆ.

ಒಂದೇ ವರ್ಷದ ಲಾಭ ಹಿಡಿಯಬೇಡಿ, ಐದು, ಏಳು, ಹತ್ತು ವರ್ಷದ ಸರಾಸರಿ ನೋಡಿ ಎಂದು ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ 1934ರಲ್ಲೇ ಬರೆದಿದ್ದರು. ಜಾನ್ ಕ್ಯಾಂಪ್‌ಬೆಲ್ ಮತ್ತು ರಾಬರ್ಟ್ ಶಿಲ್ಲರ್ 1988ರಲ್ಲಿ ಅದಕ್ಕೆ ಹಣದುಬ್ಬರದ ಲೆಕ್ಕ ಸೇರಿಸಿ ಗಟ್ಟಿ ರೂಪ ಕೊಟ್ಟರು. ಶಿಲ್ಲರ್‌ಗೆ 2013ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಈ ಅಳತೆಗೂ ಅವರ ಹೆಸರೇ ಅಂಟಿಕೊಂಡು ‘ಶಿಲ್ಲರ್ ಪಿಇ’ ಆಯಿತು, ‘ಕೇಪ್’ ಅಂತಲೂ ಕರೆಯುತ್ತಾರೆ. ಆದರೆ ಅವರು ಅಳೆದದ್ದು ಅಮೆರಿಕದ ಇಡೀ ಷೇರುಪೇಟೆಯನ್ನು. ಅಲ್ಲಿ ಒಂದು ಕಂಪನಿ ಮುಳುಗಿದರೆ ಇನ್ನೊಂದು ಎದ್ದು ಬರುತ್ತದೆ. ಒಂದೇ ಕಂಪನಿಗೆ, ಅದರಲ್ಲೂ ಗಣಿ ಕಂಪನಿಗೆ, ಅದನ್ನು ಎಳೆದು ತರುತ್ತಿರುವುದು ನಾವು. ಈ ಮಾತು ಮುಂದೆ ಬೇಕಾಗುತ್ತದೆ.

ಈಗ ನೀವೇ ಹೆಸರಿಸಿದ ಎನ್‌ಎಂಡಿಸಿಯನ್ನು ತೆಗೆದುಕೊಳ್ಳೋಣ. ಕಬ್ಬಿಣದ ಅದಿರು ಅಗೆಯುವ ಕೇಂದ್ರ ಸರ್ಕಾರದ ಕಂಪನಿ, ಶುರುವಾದದ್ದು 1958ರಲ್ಲಿ. ದೊಡ್ಡ ಗಣಿಗಳು ಛತ್ತೀಸ್‌ಗಢದ ಬೈಲಾಡಿಲಾದಲ್ಲಿವೆ, ನಮ್ಮ ಸಂಡೂರಿನ ದೋಣಿಮಲೆ ಮತ್ತು ಕುಮಾರಸ್ವಾಮಿ ಗಣಿಗಳೂ ಅದರವೇ. ಅಂತರರಾಷ್ಟ್ರೀಯ ಪೇಟೆಯಲ್ಲಿ ಕಬ್ಬಿಣದ ಅದಿರು 2011ರ ಫೆಬ್ರವರಿಯಲ್ಲಿ ಟನ್ನಿಗೆ 190 ಡಾಲರಿನ ಹತ್ತಿರ ಇತ್ತು. 2015ರ ಡಿಸೆಂಬರಿನಲ್ಲಿ 40ಕ್ಕಿಂತ ಕೆಳಗೆ ಬಿತ್ತು. 2021ರ ಮೇ ತಿಂಗಳಲ್ಲಿ 230 ದಾಟಿ, ಅದೇ ವರ್ಷದ ನವೆಂಬರಿಗೆ ಮತ್ತೆ 90ಕ್ಕಿಂತ ಕೆಳಗೆ. ಹೊಸಪೇಟೆ, ಸಂಡೂರಿನವರಿಗೆ ಈ ಏರಿಳಿತವನ್ನು ಬಿಡಿಸಿ ಹೇಳಬೇಕಾಗಿಲ್ಲ, ಲಾರಿಗಳ ಸಾಲು ಉದ್ದವಾದದ್ದನ್ನೂ ಅದೇ ಲಾರಿಗಳು ಮನೆ ಮುಂದೆ ತುಕ್ಕು ಹಿಡಿದದ್ದನ್ನೂ ಕಣ್ಣಾರೆ ಕಂಡವರು ಅವರು.

ಕಂಪನಿಯ ಲಾಭವೂ ಹಾಗೇ ಕುಣಿದಿದೆ. 2012-13ರಿಂದ ಮೂರು ವರ್ಷ 6,300ರಿಂದ 6,400 ಕೋಟಿ ರೂಪಾಯಿ. 2015-16ರಲ್ಲಿ ಸುಮಾರು 3,000 ಕೋಟಿ, ಮರುವರ್ಷ 2,600. ಅಲ್ಲಿಂದ 3,800, 4,600, 3,600, 6,250. ಕೊನೆಗೆ 2021-22ರಲ್ಲಿ 9,400 ಕೋಟಿ. ಸುಮ್ಮನೆ ಕೂಡಿಸಿ ಹತ್ತರಿಂದ ಭಾಗಿಸಿದರೆ ವರ್ಷಕ್ಕೆ 5,240 ಕೋಟಿ ಆಗುತ್ತದೆ. ಆದರೆ 2012ರ ರೂಪಾಯಿಯೂ 2022ರ ರೂಪಾಯಿಯೂ ಒಂದೇ ತೂಕದವಲ್ಲ, ಹಳೆಯ ಲಾಭವನ್ನು 2022ರ ರೂಪಾಯಿಗೆ ತಿರುಗಿಸಬೇಕು.

ಇದಕ್ಕೆ ನಾನು ಬಳಸುವುದು ಆದಾಯ ತೆರಿಗೆ ಇಲಾಖೆಯ ವೆಚ್ಚ ಹಣದುಬ್ಬರ ಸೂಚ್ಯಂಕ. ಸೈಟು ಮಾರಿದಾಗ ಆಡಿಟರು ‘ಇಂಡೆಕ್ಸೇಶನ್’ ಅನ್ನುತ್ತಿದ್ದರಲ್ಲ, ಅದೇ ಪಟ್ಟಿ. 2001-02ನೇ ಸಾಲನ್ನು 100 ಎಂದು ಹಿಡಿದಿದ್ದಾರೆ. 2012-13ಕ್ಕೆ ಅದು 200, 2021-22ಕ್ಕೆ 317. ಹಾಗಾಗಿ 2012-13ರ 6,340 ಕೋಟಿಯನ್ನು 317ರಿಂದ ಗುಣಿಸಿ 200ರಿಂದ ಭಾಗಿಸಿದರೆ 10,050 ಕೋಟಿ. ದಾಖಲೆ ಲಾಭ ಎಂದು ಪೇಪರುಗಳು ಬರೆದ 9,400 ಕೋಟಿಗಿಂತ ಇದು ಹೆಚ್ಚು ಅನ್ನುವುದನ್ನು ಗಮನಿಸಿ. ಸೂಚ್ಯಂಕದಲ್ಲಿ ಒಂದು ಐಬು ಇದೆ: ನಗರ ಗ್ರಾಹಕ ಬೆಲೆ ಸೂಚ್ಯಂಕ ಹಿಂದಿನ ವರ್ಷ ಏರಿದ್ದರ ಶೇ. 75ರಷ್ಟನ್ನು ಮಾತ್ರ ಕಾನೂನು ಲೆಕ್ಕಕ್ಕೆ ಹಿಡಿಯುತ್ತದೆ. ಅದರಿಂದ ನಿಜವಾದ ಬೆಲೆ ಏರಿಕೆಗಿಂತ ಇದು ತುಸು ಹಿಂದುಳಿಯುತ್ತದೆ. ಕರಾರುವಾಕ್ಕು ಬೇಕೆನ್ನುವವರು ಗ್ರಾಹಕ ಬೆಲೆ ಸೂಚ್ಯಂಕವನ್ನೇ ಹಿಡಿಯಲಿ. ನನಗೆ ಈ ಪಟ್ಟಿ ಸಾಕು, ಗಣಿಯ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ತೂತುಗಳಿವೆ.

ಹತ್ತೂ ವರ್ಷಕ್ಕೆ ಹೀಗೆ ಮಾಡಿದರೆ ಸರಾಸರಿ ಸುಮಾರು 6,420 ಕೋಟಿ ಬರುತ್ತದೆ. 2022ರ ಮಾರ್ಚ್ ಕೊನೆಗೆ ಷೇರು 162 ರೂಪಾಯಿಯ ಆಸುಪಾಸಿನಲ್ಲಿತ್ತು. 293 ಕೋಟಿ ಷೇರುಗಳು, ಅಂದರೆ ಇಡೀ ಕಂಪನಿಯ ಬೆಲೆ ಸುಮಾರು 47,500 ಕೋಟಿ. ಆ ವರ್ಷದ 9,400 ಕೋಟಿ ಲಾಭದಿಂದ ಭಾಗಿಸಿದರೆ ಪಿಇ 5. ಹತ್ತು ವರ್ಷದ ಸರಾಸರಿಯಿಂದ ಭಾಗಿಸಿದರೆ 7.4. ಮರುವರ್ಷ ಆದದ್ದೇನು? ಕೇಂದ್ರ ಸರ್ಕಾರ 2022ರ ಮೇ 22ರಿಂದ ಕಬ್ಬಿಣದ ಅದಿರಿನ ರಫ್ತಿಗೆ ಶೇ. 50 ಸುಂಕ ಹಾಕಿತು. ಎನ್‌ಎಂಡಿಸಿ ರಫ್ತು ಮಾಡುವುದು ಕಡಿಮೆಯೇ, ಆದರೂ ಹೊರಗೆ ಹೋಗಬೇಕಿದ್ದ ಅದಿರು ಒಳಗೇ ಉಳಿದು ದೇಶದೊಳಗಿನ ಬೆಲೆ ಕುಸಿಯಿತು. ಪೇಟೆ ತೆರೆದ ಸೋಮವಾರವೇ ಷೇರು ಶೇ. 10ಕ್ಕೂ ಹೆಚ್ಚು ಬಿತ್ತು. ಆ ನವೆಂಬರಿನಲ್ಲಿ ಸುಂಕ ಇಳಿಸಿದರೂ ವರ್ಷದ ಲಾಭ 5,500 ಕೋಟಿಗೆ ನಿಂತಿತು. 162ಕ್ಕೆ ಕೊಂಡವರ ಪಿಇ 5 ಇದ್ದದ್ದು 8.6 ಆಯಿತು. ನಿಮ್ಮ ಪ್ರಶ್ನೆಯಲ್ಲಿರುವುದು ಇದೇ ಕಥೆ ಅನ್ನಿಸುತ್ತದೆ.

ಇನ್ನು 2016ರ ಮಾರ್ಚಿಗೆ ಹೋಗಿ. ಅದಿರಿಗೆ ಬೆಲೆಯಿಲ್ಲ, ಉಕ್ಕಿನ ಕಂಪನಿಗಳು ಸಾಲದಲ್ಲಿ ಮುಳುಗಿದ್ದವು, ಗಣಿ ಷೇರಿನ ಹೆಸರೆತ್ತಿದರೆ ಜನ ಮುಖ ತಿರುಗಿಸುತ್ತಿದ್ದ ಕಾಲ. ಷೇರು 98 ರೂಪಾಯಿಯ ಹತ್ತಿರ, ಆಗ ಇದ್ದ ಷೇರುಗಳು 396 ಕೋಟಿ, ಒಟ್ಟು ಬೆಲೆ 39,000 ಕೋಟಿ. 3,000 ಕೋಟಿ ಲಾಭಕ್ಕೆ ಪಿಇ 13. ಆದರೆ 2006-07ರಿಂದ ಆ ವರ್ಷದವರೆಗಿನ ಹತ್ತು ವರ್ಷದ ಲಾಭವನ್ನು ಹಣದುಬ್ಬರಕ್ಕೆ ಸರಿಹೊಂದಿಸಿದರೆ ಸರಾಸರಿ ಸುಮಾರು 7,000 ಕೋಟಿ. ಶಿಲ್ಲರ್ ಪಿಇ 5.5! ಪಿಇ ಪ್ರಕಾರ 2016ರಲ್ಲಿ ದುಬಾರಿ, 2022ರಲ್ಲಿ ಅಗ್ಗ. ಹತ್ತು ವರ್ಷದ ಲೆಕ್ಕದ ಪ್ರಕಾರ ನೇರ ತಿರುವು ಮುರುವು. 98ಕ್ಕೆ ಕೊಂಡವರಿಗೆ ಆರು ವರ್ಷದಲ್ಲಿ 162 ಆಯಿತು, ಡಿವಿಡೆಂಡ್ ಬೇರೆ ಬಂತು. ಊರೂಟ ಹಾಕಿಸುವಷ್ಟಲ್ಲದಿದ್ದರೂ ಕೈ ಸುಡಲಿಲ್ಲ.

ಇಲ್ಲಿಯವರೆಗೆ ಎಲ್ಲ ಸರಿ. ಈಗ ತೂತುಗಳು.

2012ರ ಸುಮಾರಿಗೆ ಎನ್‌ಎಂಡಿಸಿಯ ಬ್ಯಾಂಕ್ ಖಾತೆಯಲ್ಲಿ 20,000 ಕೋಟಿ ರೂಪಾಯಿ ಇತ್ತು. 2012-13ರಿಂದ ಮೂರು ವರ್ಷ, ವರ್ಷಕ್ಕೆ ಎರಡು ಸಾವಿರ ಕೋಟಿಗೂ ಹೆಚ್ಚು ಹಣ ಬಡ್ಡಿ ಮುಂತಾದ ಇತರೆ ಆದಾಯವಾಗಿಯೇ ಬರುತ್ತಿತ್ತು. ಅದು ಗುಡ್ಡ ಅಗೆದು ಬಂದ ಲಾಭವಲ್ಲ. ಆಮೇಲೆ ಆ ದುಡ್ಡು ಡಿವಿಡೆಂಡಿಗೆ, ನಗರ್ನಾರ್ ಉಕ್ಕಿನ ಕಾರ್ಖಾನೆಗೆ, 2016ರಲ್ಲಿ 94 ರೂಪಾಯಿಯಂತೆ 80 ಕೋಟಿ ಷೇರುಗಳ ಮರುಖರೀದಿಗೆ ಖರ್ಚಾಯಿತು. ಅಸಲೇ ಖಾಲಿಯಾದ ಮೇಲೆ ಅದರ ಬಡ್ಡಿಯನ್ನು ‘ಸಾಧಾರಣ ವರ್ಷದ ಲಾಭ’ದಲ್ಲಿ ಸೇರಿಸುವುದು ತಪ್ಪು. ಆ ಮೂರೇ ವರ್ಷದ ಬಡ್ಡಿಯನ್ನು ತೆರಿಗೆ ಬಿಟ್ಟು ಕಳೆದರೂ 2022ರ ಸರಾಸರಿ 600 ಕೋಟಿಯಷ್ಟು ಇಳಿಯುತ್ತದೆ, 7.4 ಇದ್ದದ್ದು 8 ದಾಟುತ್ತದೆ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲೂ ತೂಕವಿದೆ: ಆ 47,500 ಕೋಟಿಯೊಳಗೆ ಇನ್ನೂ ಒಂದು ರೂಪಾಯಿ ದುಡಿಯದ ನಗರ್ನಾರ್ ಕಾರ್ಖಾನೆಯ ಬೆಲೆಯೂ ಸೇರಿತ್ತು. ಅದು ಬೇರೆ ಕಂಪನಿಯಾಗಿ 2023ರ ಫೆಬ್ರವರಿಯಲ್ಲಿ ಷೇರುಪೇಟೆಗೆ ಬಂತು. ಅಗೆದ ಅದಿರಿನ ಪ್ರಮಾಣವೂ ಬದಲಾಗಿದೆ, 2014-15ರಲ್ಲಿ 3 ಕೋಟಿ ಟನ್ ಇದ್ದದ್ದು 2021-22ಕ್ಕೆ 4.2 ಕೋಟಿ ಟನ್.

ಹತ್ತು ವರ್ಷವೇ ಏಕೆ ಅನ್ನುವುದೂ ನ್ಯಾಯವಾದ ಪ್ರಶ್ನೆ. ಹತ್ತು ಅನ್ನುವುದು ಕೈಬೆರಳು ಎಣಿಸಿ ಬಂದ ಸಂಖ್ಯೆ ಅಷ್ಟೇ, ಅದಿರಿನ ಚಕ್ರಕ್ಕೆ ಅದರ ಹಂಗಿಲ್ಲ. 2016ರಲ್ಲಿ ಸಿಕ್ಕ 7,000 ಕೋಟಿಯ ಸರಾಸರಿಯಲ್ಲಿ ಚೀನಾ ಸಿಕ್ಕಿದ್ದನ್ನೆಲ್ಲ ಕೊಂಡ ವರ್ಷಗಳು ತುಂಬಿಕೊಂಡಿದ್ದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಅದಿರು ಸಿಗದೆ ಒದ್ದಾಡಿದ ಉಕ್ಕಿನ ಕಾರ್ಖಾನೆಗಳಿಗೆ ಎನ್‌ಎಂಡಿಸಿಯೇ ಆಸರೆಯಾಗಿತ್ತು, ಆ ವರ್ಷದ 7,265 ಕೋಟಿ ಲಾಭವೂ ಅದರಲ್ಲಿದೆ. ಸಿಕ್ಕರೆ ಹದಿನೈದು ವರ್ಷದ್ದನ್ನು ಹಿಡಿಯಿರಿ, ಎರಡು ಏರು ಎರಡು ಇಳಿತ ಒಳಗೆ ಬರಲಿ.

ಇವೆಲ್ಲ ತಿದ್ದಬಹುದಾದ ತಪ್ಪುಗಳು. ತಿದ್ದಲಾಗದ್ದು ಬೇರೆ ಇದೆ. ಅಡಿಕೆ ಮರ ಮುದಿಯಾಗುವ ಮೊದಲೇ ಅಡಿಸಸಿ ಹಾಕಿ ತೋಟವನ್ನು ನೂರು ವರ್ಷ ನಡೆಸಬಹುದು. ಗುಡ್ಡಕ್ಕೆ ಅಡಿಸಸಿ ಇಲ್ಲ. ಕುದುರೆಮುಖವನ್ನು ನೆನೆಯಿರಿ. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಅಲ್ಲಿ ಗಣಿಗಾರಿಕೆ ಮುಗಿಯಿತು. ಮಣ್ಣಿನಲ್ಲಿ ಅದಿರು ಇತ್ತು, ಅಗೆಯುವ ಹಕ್ಕು ಇರಲಿಲ್ಲ. ಅಲ್ಲಿ ಅಗೆಯುತ್ತಿದ್ದ ಕೆಐಒಸಿಎಲ್ ಹೊರಗಿನಿಂದ ಅದಿರು ತಂದು ಮಂಗಳೂರಿನಲ್ಲಿ ಉಂಡೆ (ಪೆಲೆಟ್) ಕಟ್ಟುವ ಕಂಪನಿಯಾಯಿತು. ಆ ದಿನ ಯಾರಾದರೂ ಹಿಂದಿನ ಹತ್ತು ವರ್ಷದ ಲಾಭದ ಸರಾಸರಿ ತೆಗೆದಿದ್ದರೆ ಲೆಕ್ಕ ಸರಿಯೇ ಬರುತ್ತಿತ್ತು, ಉಪಯೋಗ ಮಾತ್ರ ಸೊನ್ನೆ. ಕೋಲಾರದ ಕಥೆ ಇನ್ನೊಂದು ಬಗೆಯದು. ಅಲ್ಲಿ ಹಕ್ಕಿತ್ತು, ಚಿನ್ನ ತೀರುತ್ತಾ ಬಂತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ತೆಗೆದ ಕಲ್ಲಿನಲ್ಲಿ ಸಿಗುವ ಚಿನ್ನ ಖರ್ಚಿಗೆ ಸಾಲದೆ 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು.

ಹಾಗಾಗಿ ನಾನು ಶಿಲ್ಲರ್ ಪಿಇಯನ್ನು ಸೆನ್ಸೆಕ್ಸಿನ ಜತೆಗೋ ಐಟಿ ಕಂಪನಿಯ ಜತೆಗೋ ಹೋಲಿಸುವುದಿಲ್ಲ, ವರ್ಷಗಳಿಗೆ ತಿರುಗಿಸುತ್ತೇನೆ. ಹಣದುಬ್ಬರ ಕಳೆದು ಶೇ. 10 ಪ್ರತಿಫಲ ಬೇಕು ಎಂದಿಟ್ಟುಕೊಳ್ಳಿ. ವರ್ಷಕ್ಕೆ ಒಂದು ರೂಪಾಯಿಯಂತೆ 10 ವರ್ಷ ಕೊಟ್ಟು ಮುಗಿದು ಹೋಗುವ ಗಣಿಗೆ ಇವತ್ತು 6.1 ರೂಪಾಯಿ ಕೊಡಬಹುದು. 20 ವರ್ಷದ ಗಣಿಗೆ 8.5, 30 ವರ್ಷದ್ದಕ್ಕೆ 9.4. ಇದನ್ನೇ ತಿರುಗಿಸಿ ಓದಿ: 2016ರಲ್ಲಿ 5.5 ಕೊಟ್ಟವರಿಗೆ ಎಂಟೂವರೆ ವರ್ಷ ಸಾಧಾರಣ ಲಾಭ ಬಂದರೆ ಸಾಕಿತ್ತು. 2022ರಲ್ಲಿ 7.4 ಕೊಟ್ಟವರಿಗೆ 14 ವರ್ಷ ಬೇಕು. ಬಡ್ಡಿ ಕಳೆದು 8.2 ಆದರೆ 18 ವರ್ಷ. ಅಂಕಿ ಸ್ವಲ್ಪ ಅಲುಗಿದರೂ ವರ್ಷಗಳು ಎಷ್ಟು ಹಿಗ್ಗುತ್ತವೆ ನೋಡಿ. ಎಷ್ಟೇ ಒಳ್ಳೆಯ ಗಣಿಯಾದರೂ ಈ ಲೆಕ್ಕದಲ್ಲಿ 10ರ ಮೇಲೆ ಕೊಡಲು ಕಾರಣ ಸಿಗುವುದಿಲ್ಲ, ಉತ್ಪಾದನೆ ಹೆಚ್ಚುತ್ತದೆ ಎಂಬ ನಂಬಿಕೆ ಇದ್ದರೆ ಬೇರೆ ಮಾತು.

ಆ ವರ್ಷಗಳು ಎಲ್ಲಿ ಸಿಗುತ್ತವೆ? ಗುತ್ತಿಗೆಯ ಕಾಗದದಲ್ಲಿ. ದೋಣಿಮಲೆಯ ಗುತ್ತಿಗೆ ನವೀಕರಿಸಲು ರಾಜ್ಯ ಸರ್ಕಾರ ಶೇ. 80 ಪ್ರೀಮಿಯಂ ಕೇಳಿ, ಕಂಪನಿ ಒಪ್ಪದೆ, 2018ರ ನವೆಂಬರಿನಿಂದ 2021ರ ಫೆಬ್ರವರಿವರೆಗೆ ಆ ಗಣಿ ಮುಚ್ಚಿತ್ತು. ಕೊನೆಗೆ ರಾಜಧನದ (ಅದಿರಿಗಾಗಿ ರಾಜ್ಯಕ್ಕೆ ಕಟ್ಟುವ ರಾಯಲ್ಟಿ) ಜತೆಗೆ ಶೇ. 22.5 ಹೆಚ್ಚುವರಿ ಕೊಡುವ ಒಪ್ಪಂದವಾಗಿ ಮತ್ತೆ ಶುರುವಾಯಿತು. 2013ರ ಲಾಭದಲ್ಲಿ ಈ ಖರ್ಚು ಇರಲಿಲ್ಲ, ಮುಂದಿನ ಪ್ರತಿ ವರ್ಷದ್ದರಲ್ಲೂ ಇರುತ್ತದೆ. ರಾಜಧನ ತೆರಿಗೆಯಲ್ಲ, ಖನಿಜ ಹಕ್ಕಿನ ಮೇಲೆ ರಾಜ್ಯಗಳು ಬೇರೆ ತೆರಿಗೆ ಹಾಕಬಹುದು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಜುಲೈನಲ್ಲಿ ಬಹುಮತದ ತೀರ್ಪು ಕೊಟ್ಟಿದೆ. ಹಳೆಯ ಸರಾಸರಿಯಿಂದ ಅದಕ್ಕೂ ಒಂದಿಷ್ಟು ಕಡಿತ ಮಾಡಿಕೊಂಡೇ ನಾನು ಲೆಕ್ಕ ಹಾಕುವುದು.

ಲೆಕ್ಕ ಹಾಕಲು ಕೂತಾಗ ಒಂದು ಎಚ್ಚರಿಕೆ. ನಾನು ಮೇಲೆ ಮಾಡಿದಂತೆ ಒಟ್ಟು ಲಾಭ ಮತ್ತು ಒಟ್ಟು ಬೆಲೆಯನ್ನು ಹಿಡಿಯುವುದಾದರೆ ತೊಡಕಿಲ್ಲ. ಷೇರೊಂದರ ಗಳಿಕೆಯ ಮೇಲೆ ಮಾಡುವಿರಾದರೆ, 2024ರ ಡಿಸೆಂಬರಿನಲ್ಲಿ ಎನ್‌ಎಂಡಿಸಿ ಒಂದು ಷೇರಿಗೆ ಎರಡರಂತೆ ಬೋನಸ್ ಕೊಟ್ಟಿದೆ, ಒಂದಿದ್ದದ್ದು ಮೂರಾಗಿದೆ. ಅದಕ್ಕೂ ಹಿಂದಿನ ವಾರ್ಷಿಕ ವರದಿಗಳಲ್ಲಿರುವ ಗಳಿಕೆಯನ್ನು ಮೂರರಿಂದ ಭಾಗಿಸಿಕೊಂಡೇ ಇವತ್ತಿನ ಷೇರು ಬೆಲೆಯ ಪಕ್ಕ ಇಡಿ. ಇಲ್ಲದಿದ್ದರೆ ಪ್ರಪಂಚದಲ್ಲೇ ಅಗ್ಗದ ಗಣಿ ನಿಮಗೆ ಸಿಕ್ಕಿದಂತೆ ಕಾಣುತ್ತದೆ.